ಗ್ಯಾರಿ ಆಂಡರ್ಸನ್ ಮತ್ತು ಡಬಲ್‌ನ ಲೆಕ್ಕ

ಗ್ಯಾರಿ ಆಂಡರ್ಸನ್ ಎಸೆಯುವುದನ್ನು ಮೊದಲ ಸಲ ನೋಡಿದವರಿಗೆ ಡಾರ್ಟ್ಸ್ ಆಟ ಇಷ್ಟು ಸುಲಭವಾ ಅನಿಸಿಬಿಡುತ್ತದೆ. ಗೆರೆಯ ಹತ್ತಿರ ಬಂದು ನಿಲ್ಲುತ್ತಾರೆ. ಮೊಣಕೈ ಮಡಚುತ್ತದೆ, ಬಿಚ್ಚಿಕೊಳ್ಳುತ್ತದೆ. ಒಂದು, ಎರಡು, ಮೂರು. ಮೂರೂ ಡಾರ್ಟ್‌ಗಳು, ಅಂದರೆ ಮೊನಚು ತುದಿಯ ಪುಟ್ಟ ಬಾಣಗಳು, ಎದುರಿನ ಬೋರ್ಡ್‌ನಲ್ಲಿ ಹೆಬ್ಬೆರಳು ಇಟ್ಟರೆ ಮುಚ್ಚಿಹೋಗುವಷ್ಟು ಜಾಗದಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಅವಸರವಿಲ್ಲ, ತಡಕಾಟವಿಲ್ಲ. ನುರಿತ ಕೈಯೊಂದು ಹೂ ಕಟ್ಟುವುದನ್ನು ನೋಡಿದ ಹಾಗೆ ಇರುತ್ತದೆ. ನಾನು ಈ ಸ್ಕಾಟಿಷ್ ಆಟಗಾರನ ಆಟಕ್ಕೆ ಮರುಳಾದದ್ದು ಆ ಎಸೆತ ನೋಡಿಯೇ.

ಆಮೇಲೆ ಅವರ ಅಂಕಿಗಳನ್ನು ನೋಡುತ್ತಾ ಕೂತೆ. ಎರಡು ಫೈನಲ್‌ಗಳ ಹತ್ತಿರ ತಲೆ ನಿಂತುಹೋಯಿತು. 2015ರ ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಎದುರಾಳಿಯ ಸರಾಸರಿ ಆಂಡರ್ಸನ್ ಅವರದಕ್ಕಿಂತ ಜಾಸ್ತಿ ಇತ್ತು. ಗೆದ್ದದ್ದು ಆಂಡರ್ಸನ್. 2017ರ ಫೈನಲ್‌ನಲ್ಲಿ ಎದುರಾಳಿಗಿಂತ ಜಾಸ್ತಿ ಸಲ 180, ಅಂದರೆ ಒಂದು ಸರದಿಯ ಅತಿ ಹೆಚ್ಚಿನ ಅಂಕ, ಹೊಡೆದದ್ದು ಆಂಡರ್ಸನ್. ಗೆದ್ದದ್ದು ಎದುರಾಳಿ. ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ಅರ್ಥವಾಗುವುದು ಕಷ್ಟ. ಜಾಸ್ತಿ ಹೊಡೆದವರು ತಾನೇ ಗೆಲ್ಲಬೇಕು, ಅಲ್ವಾ?

ಡಾರ್ಟ್ಸ್‌ನಲ್ಲಿ ಹಾಗಿಲ್ಲ. ಹೊಡೆಯುವುದು ಒಂದು ಕೆಲಸ, ಮುಗಿಸುವುದು ಬೇರೆಯದೇ ಕೆಲಸ. ಆಂಡರ್ಸನ್ ಅವರ ಇಡೀ ವೃತ್ತಿಬದುಕು ಈ ಎರಡು ಕೆಲಸಗಳ ನಡುವೆ ಓಡಾಡಿದೆ. ಅದನ್ನು ತಿಳಿಯಲು ಮೊದಲು ಬೋರ್ಡ್ ತಿಳಿಯಬೇಕು.

ಬೋರ್ಡ್ ಅಂದರೆ ಸುಮಾರು 45 ಸೆಂಟಿಮೀಟರ್ ಅಗಲದ ದುಂಡನೆಯ ಹಲಗೆ. ಹಲಗೆ ಅಂದರೂ ಅದು ಮರದ್ದಲ್ಲ. ಕತ್ತಾಳೆ ನಾರನ್ನು ಬಿಗಿಯಾಗಿ ಒತ್ತಿ ಮಾಡಿರುತ್ತಾರೆ. ಡಾರ್ಟ್ ಕಿತ್ತ ಮೇಲೆ ನಾರು ಮತ್ತೆ ಕೂಡಿಕೊಳ್ಳುತ್ತದೆ, ತೂತು ಉಳಿಯುವುದಿಲ್ಲ. ಅದನ್ನು ಗೋಡೆಗೆ ತೂಗುಹಾಕಿದಾಗ ನಡುಬಿಂದು ನೆಲದಿಂದ 1.73 ಮೀಟರ್ ಎತ್ತರದಲ್ಲಿ ಇರಬೇಕು. ಆಟಗಾರ ನಿಲ್ಲುವ ಗೆರೆ ಬೋರ್ಡ್‌ನ ಮುಖದಿಂದ 2.37 ಮೀಟರ್ ದೂರ. ಸಾಮಾನ್ಯ ಮನೆಯ ಒಂದು ಸಣ್ಣ ಕೋಣೆ ಸಾಕು. ಹಾಗಾಗಿಯೇ ಇದು ಬ್ರಿಟನ್ನಿನ ಪಬ್‌ಗಳ ಮೂಲೆಗಳಲ್ಲಿ ಬೆಳೆದ ಆಟ.

ಬೋರ್ಡನ್ನು ಹಣ್ಣು ಕತ್ತರಿಸಿದ ಹಾಗೆ 20 ಹೋಳುಗಳಾಗಿ ಹಂಚಿರುತ್ತಾರೆ. 1ರಿಂದ 20ರವರೆಗೆ ಅಂಕಗಳು. ಆದರೆ ಸಾಲಾಗಿ ಇಲ್ಲ. 20ರ ಒಂದು ಪಕ್ಕ 1, ಇನ್ನೊಂದು ಪಕ್ಕ 5. 19ರ ಪಕ್ಕ 3 ಮತ್ತು 7. 18ರ ಪಕ್ಕ 1 ಮತ್ತು 4. ದೊಡ್ಡ ಅಂಕಕ್ಕೆ ಆಸೆಪಟ್ಟು ಬೆರಳಗಲ ತಪ್ಪಿದರೂ ಚಿಲ್ಲರೆ ಸಿಗುತ್ತದೆ.

ಹೋಳುಗಳ ಮೇಲೆ ಎರಡು ಉಂಗುರಗಳಿವೆ. ಒಳಗಿನದು ಟ್ರೆಬಲ್. ಅದರಲ್ಲಿ ಬಿದ್ದರೆ ಅಂಕ ಮೂರು ಪಟ್ಟು. ಅಂಚಿನದು ಡಬಲ್. ಅಲ್ಲಿ ಎರಡು ಪಟ್ಟು. ಎರಡೂ ಉಂಗುರಗಳ ಅಗಲ ಬರೀ 8 ಮಿಲಿಮೀಟರ್. ನಟ್ಟನಡುವಿನ ಕೆಂಪು ಚುಕ್ಕೆಗೆ ಬುಲ್ ಅನ್ನುತ್ತಾರೆ, ಅದಕ್ಕೆ 50. ನಡುವಿಗೆ ಹೊಡೆದರೆ ಎಲ್ಲಕ್ಕಿಂತ ಜಾಸ್ತಿ ಸಿಗುತ್ತದೆ ಎಂದು ನಮ್ಮಲ್ಲಿ ಅನೇಕರು ಅಂದುಕೊಂಡಿರುತ್ತಾರೆ. ನಾನೂ ಅಂದುಕೊಂಡಿದ್ದೆ. ಆದರೆ ಟ್ರೆಬಲ್ 20 ಅಂದರೆ 60. ಒಂದು ಸರದಿಗೆ ಮೂರು ಡಾರ್ಟ್. ಮೂರನ್ನೂ ಅಲ್ಲೇ ನೆಟ್ಟರೆ 180. ಒಂದು ಸರದಿಯಲ್ಲಿ ಅದಕ್ಕಿಂತ ಜಾಸ್ತಿ ಬರಲು ಸಾಧ್ಯವೇ ಇಲ್ಲ.

ಈಗ ಆಟ. ಇಬ್ಬರೂ 501ರಿಂದ ಶುರು ಮಾಡುತ್ತಾರೆ. ಹೊಡೆದಷ್ಟು ಕಳೆಯುತ್ತಾ ಬರಬೇಕು. ಮೊದಲು ಸೊನ್ನೆಗೆ ಇಳಿದವರು ಗೆದ್ದರು. ಸರಿಯಾಗಿ ಸೊನ್ನೆ ಆಗಬೇಕು, ಕೆಳಗೆ ಹೋಗುವಂತಿಲ್ಲ. ಜೊತೆಗೆ ಕೊನೆಯ ಡಾರ್ಟ್ ಡಬಲ್‌ನಲ್ಲೇ ಬೀಳಬೇಕು. ನಡುವಿನ ಬುಲ್ ಕೂಡ ಡಬಲ್ ಲೆಕ್ಕವೇ. 40 ಉಳಿದಿದ್ದರೆ ಡಬಲ್ 20 ಬೇಕು. ಎರಡು ಸಲ ಸಾದಾ 20 ಹೊಡೆದು ಸೊನ್ನೆ ಮಾಡಿದರೆ ನಡೆಯುವುದಿಲ್ಲ. ಲೆಕ್ಕ ತಪ್ಪಿ ಸೊನ್ನೆ ದಾಟಿದರೆ, ಅಥವಾ 1 ಉಳಿಸಿಕೊಂಡರೆ, ಆ ಸರದಿಯೇ ರದ್ದು. ಸರದಿ ಶುರುವಾದಾಗ ಎಷ್ಟಿತ್ತೋ ಅಷ್ಟಕ್ಕೇ ವಾಪಸ್.

ಕೇರಂ ಆಡಿದವರಿಗೆ ಇದು ಚೆನ್ನಾಗಿ ಗೊತ್ತಾಗುತ್ತದೆ. ನಿಮ್ಮ ಕಾಯಿಗಳನ್ನೆಲ್ಲ ಪಟಪಟ ಹಾಕಿ ಮುಗಿಸುತ್ತಾ ಬಂದಿರುತ್ತೀರಿ. ಕೊನೆಯ ಒಂದು ಕಾಯಿ ಪಾಕೆಟ್ ಬಾಯಲ್ಲಿ ಕೂತು ಆಟ ಆಡಿಸುತ್ತದೆ. ಅಷ್ಟರಲ್ಲಿ ಹಿಂದೆ ಇದ್ದವನು ಒಂದೊಂದಾಗಿ ಹಾಕಿ ಎದ್ದುಹೋಗುತ್ತಾನೆ. ಡಾರ್ಟ್ಸ್‌ನಲ್ಲಿ ಡಬಲ್ ಅನ್ನುವುದು ಆ ಕೊನೆಯ ಕಾಯಿ. ಪ್ರತಿ ಆಟದಲ್ಲೂ ಅದು ಇದ್ದೇ ಇರುತ್ತದೆ, ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಇಲ್ಲಿ ಒಂದು ಚಂದದ ಗಣಿತವಿದೆ, ನನಗೆ ತುಂಬಾ ಇಷ್ಟವಾದದ್ದು. ಆಟಗಾರರು ಆದಷ್ಟು 32 ಅಥವಾ 40 ಉಳಿಸಿಕೊಳ್ಳಲು ನೋಡುತ್ತಾರೆ. 32 ಉಳಿದರೆ ಡಬಲ್ 16ಕ್ಕೆ ಗುರಿ. ಸ್ವಲ್ಪ ಒಳಗೆ ಬಿದ್ದು ಸಾದಾ 16 ಆದರೆ ಉಳಿಯುವುದು 16, ಅಂದರೆ ಡಬಲ್ 8. ಅದೂ ಒಳಗೆ ಬಿದ್ದರೆ 8, ಅಂದರೆ ಡಬಲ್ 4. ಆಮೇಲೆ ಡಬಲ್ 2, ಆಮೇಲೆ ಡಬಲ್ 1. ತಪ್ಪಿದಾಗಲೂ ಇನ್ನೊಂದು ಡಬಲ್ ಕಾಯುತ್ತಿರುತ್ತದೆ. ಆದರೆ ಡಬಲ್ 5ಕ್ಕೆ ಹೊಡೆದು ಸಾದಾ 5 ಬಿದ್ದರೆ ಉಳಿಯುವುದು 5, ಬೆಸ ಸಂಖ್ಯೆ. ನೇರವಾಗಿ ಮುಗಿಸಲು ಬರುವುದಿಲ್ಲ. ಸರಿ ಮಾಡಲು ಇನ್ನೊಂದು ಡಾರ್ಟ್ ಖರ್ಚು. ಈ ಡಬಲ್ 5 ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಮೂರು ಡಾರ್ಟ್‌ನಲ್ಲಿ ಮುಗಿಸಬಹುದಾದ ಅತಿ ದೊಡ್ಡ ಮೊತ್ತ 170. ಎರಡು ಟ್ರೆಬಲ್ 20, ಕೊನೆಗೆ ಬುಲ್. ಇಡೀ 501ನ್ನು ಕಡಿಮೆ ಅಂದರೆ ಒಂಬತ್ತು ಡಾರ್ಟ್‌ನಲ್ಲಿ ಮುಗಿಸಬಹುದು. ಎರಡು 180, ಆಮೇಲೆ ಉಳಿದ 141ಕ್ಕೆ ಟ್ರೆಬಲ್ 20, ಟ್ರೆಬಲ್ 19, ಡಬಲ್ 12. ಒಂಬತ್ತರಲ್ಲಿ ಒಂದು ಕೂದಲೆಳೆ ಸರಿದರೂ ಮುಗಿಯಿತು. ಇದನ್ನು ನೈನ್ ಡಾರ್ಟರ್ ಅನ್ನುತ್ತಾರೆ.

ಸರಾಸರಿ ಅಂದರೆ ಮೂರು ಡಾರ್ಟ್‌ಗೆ ಎಷ್ಟು ಅಂಕ ಬಂತು ಅನ್ನುವುದು. 15 ಡಾರ್ಟ್‌ನಲ್ಲಿ 501 ಮುಗಿಸಿದರೆ ಸರಾಸರಿ 100.2. ವೃತ್ತಿಪರರಲ್ಲಿ 100 ದಾಟಿದರೆ ಒಳ್ಳೆಯ ಆಟ ಎಂದೇ ಅರ್ಥ. 501ರ ಒಂದು ಆಟಕ್ಕೆ ಲೆಗ್ ಎಂದು ಹೆಸರು. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮೂರು ಲೆಗ್ ಗೆದ್ದರೆ ಒಂದು ಸೆಟ್. ಫೈನಲ್‌ನಲ್ಲಿ ಮೊದಲು ಏಳು ಸೆಟ್ ಗೆದ್ದವರು ಚಾಂಪಿಯನ್.

ಒಗಟು ಬಿಚ್ಚಿಕೊಳ್ಳುವುದು ಇಲ್ಲೇ. ನೀವು ಸೊನ್ನೆ ಮುಟ್ಟಿದಾಗ ಎದುರಾಳಿಯ ಹತ್ತಿರ 2 ಉಳಿದಿರಲಿ, 200 ಉಳಿದಿರಲಿ, ನಿಮಗೆ ಸಿಗುವುದು ಒಂದೇ ಲೆಗ್. ಅವನು ಅಲ್ಲಿಯವರೆಗೆ ಹೊಡೆದದ್ದೆಲ್ಲ ಅವನ ಸರಾಸರಿಗೆ ಸೇರುತ್ತದೆ, ಫಲಿತಾಂಶಕ್ಕೆ ಸೇರುವುದಿಲ್ಲ. ಸೆಟ್ಟನ್ನು 3-2ರಲ್ಲಿ ಸೋತವನಿಗೆ ಆ ಎರಡು ಲೆಗ್‌ಗಳಿಂದ ಏನೂ ದಕ್ಕುವುದಿಲ್ಲ. ಮುಂದಿನ ಸೆಟ್ ಮತ್ತೆ ಸೊನ್ನೆಯಿಂದ. ಒಟ್ಟು ಎಷ್ಟು ಹೊಡೆದೆ ಅನ್ನುವುದಕ್ಕಿಂತ ಯಾವ ಹೊತ್ತಿನಲ್ಲಿ ಡಬಲ್ ಹಾಕಿದೆ ಅನ್ನುವುದು ದೊಡ್ಡದಾಗುತ್ತದೆ.

ಇಷ್ಟು ಗೊತ್ತಾದ ಮೇಲೆ ಮನುಷ್ಯನ ಕಡೆ ಬರೋಣ.

ಆಂಡರ್ಸನ್ ಹುಟ್ಟಿದ್ದು 1970ರ ಡಿಸೆಂಬರ್ 22ರಂದು, ಮಸಲ್‌ಬರ್ಗ್‌ನಲ್ಲಿ. ಎಡಿನ್‌ಬರ್ಗ್ ಪಕ್ಕದ ಕಡಲ ದಂಡೆಯ ಊರು. ಕೈಗೆ ಡಾರ್ಟ್ ಬಂದದ್ದು ಇಪ್ಪತ್ತು ದಾಟಿದ ಮೇಲೆ, ಪಬ್ ಒಂದರಲ್ಲಿ. ಈಗಿನ ಕಾಲಕ್ಕೆ ಹೋಲಿಸಿದರೆ ಇದು ತುಂಬಾ ತಡ. 2025ರ ಜನವರಿಯಲ್ಲಿ ಲ್ಯೂಕ್ ಲಿಟ್ಲರ್ ವಿಶ್ವ ಚಾಂಪಿಯನ್ ಆದಾಗ ಆ ಹುಡುಗನಿಗೆ 17 ವರ್ಷ. ಆ ವಯಸ್ಸಿನಲ್ಲಿ ಆಂಡರ್ಸನ್‌ಗೆ ಡಾರ್ಟ್ಸ್ ತನ್ನ ಬದುಕಾಗುತ್ತದೆ ಅನ್ನುವ ಸುಳಿವೂ ಇರಲಿಲ್ಲ. ಮುಂದೆ ಜನ ಕೊಟ್ಟ ಅಡ್ಡಹೆಸರು ಫ್ಲೈಯಿಂಗ್ ಸ್ಕಾಟ್ಸ್‌ಮನ್. ಲಂಡನ್‌ಗೂ ಎಡಿನ್‌ಬರ್ಗ್‌ಗೂ ನಡುವೆ ಓಡುವ ಹೆಸರಾಂತ ರೈಲಿನ ಹೆಸರದು.

ಮಸಲ್‌ಬರ್ಗ್‌ನ ಎದುರಿಗೆ ಫೋರ್ತ್ ನದಿಯ ಅಗಲವಾದ ಅಳಿವೆ. ಅದರ ಆಚೆ ದಂಡೆಯಲ್ಲಿ ಕರ್ಕಾಡಿ ಎಂಬ ಊರು. ಸ್ಕಾಟ್ಲೆಂಡಿನ ಮೊದಲ ಡಾರ್ಟ್ಸ್ ವಿಶ್ವ ಚಾಂಪಿಯನ್ ಜಾಕಿ ವಿಲ್ಸನ್ ಅಲ್ಲಿಯವರು. ಅವರ ವಿಷಯ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಬಾಲ್ಯದ ಬಹುಪಾಲು ಅನಾಥಾಶ್ರಮದಲ್ಲಿ ಕಳೆಯಿತು. ಮುಂದೆ ಕಲ್ಲಿದ್ದಲು ಗಣಿಯಲ್ಲಿ ದುಡಿದರು. 1979ರಲ್ಲಿ ಕೆಲಸವಿಲ್ಲದೆ ಕೂತಿದ್ದಾಗ ಏರ್ ಪಟ್ಟಣದಲ್ಲಿ ಒಂದು ಪಂದ್ಯಾವಳಿ ಆಡಿ 500 ಪೌಂಡ್ ಗೆದ್ದರು. ಅಲ್ಲಿಂದ ಆಟವೇ ಹೊಟ್ಟೆಪಾಡಾಯಿತು. 1982ರಲ್ಲಿ ಜಾನ್ ಲೋ ಅವರನ್ನು 5-3ರಿಂದ ಸೋಲಿಸಿ ವಿಶ್ವ ಚಾಂಪಿಯನ್ ಆದರು. 1989ರಲ್ಲಿ ಮತ್ತೆ ಗೆದ್ದರು. ಆ ಫೈನಲ್‌ನಲ್ಲಿ ಎರಿಕ್ ಬ್ರಿಸ್ಟೋ ವಿರುದ್ಧ 5-0 ಮುಂದಿದ್ದವರು 5-4ಕ್ಕೆ ಜಾರಿ, ಕೊನೆಗೆ 6-4ರಲ್ಲಿ ಉಸಿರು ಬಿಟ್ಟರು. 1995ರ ಡಿಸೆಂಬರ್‌ನಲ್ಲಿ ಇದ್ದಕ್ಕಿದ್ದಂತೆ ಆಟ ಬಿಟ್ಟು ಕರ್ಕಾಡಿಯ ಮನೆ ಸೇರಿದರು. ಆಮೇಲೆ ಹೊರಗೆ ಕಾಣಿಸಿಕೊಂಡದ್ದೇ ಅಪರೂಪ. ದಿವಾಳಿಯಾದರು, ಕಾಯಿಲೆ ಬಿದ್ದರು, 2012ರ ಮಾರ್ಚ್‌ನಲ್ಲಿ 62ನೇ ವಯಸ್ಸಿಗೆ ತೀರಿಕೊಂಡರು. ಎರಡು ಸಲ ಜಗತ್ತನ್ನೇ ಗೆದ್ದವರ ಕೊನೆ ಹೀಗಾಯಿತಲ್ಲ ಎಂದು ಓದಿದಾಗಲೆಲ್ಲ ಸಂಕಟವಾಗುತ್ತದೆ.

ವಿಲ್ಸನ್ ಹೆಸರು ಇನ್ನೊಂದು ಕಾರಣಕ್ಕೂ ಇಲ್ಲಿ ಬೇಕು. 1980ರ ದಶಕದ ಕೊನೆಗೆ ಬ್ರಿಟನ್ನಿನ ಟಿವಿಯಲ್ಲಿ ಡಾರ್ಟ್ಸ್ ತೋರಿಸುವುದು ತೀರಾ ಕಡಿಮೆಯಾಯಿತು. ಟಿವಿ ಇಲ್ಲ ಅಂದರೆ ಪ್ರಾಯೋಜಕರಿಲ್ಲ, ಹಣವಿಲ್ಲ. ಆಗ ಆಟವನ್ನು ನಡೆಸುತ್ತಿದ್ದದ್ದು ಬಿಡಿಒ ಎಂಬ ಸಂಸ್ಥೆ. ಅದರ ಮೇಲೆ ಬೇಸತ್ತ 16 ಪ್ರಮುಖ ಆಟಗಾರರು ಹೊರಬಂದು ತಮ್ಮದೇ ಸಂಘಟನೆ ಕಟ್ಟಿದರು. ವಿಲ್ಸನ್ ಅವರಲ್ಲಿ ಒಬ್ಬರು. 1994ರಿಂದ ಎರಡೂ ಕಡೆಯವರು ಬೇರೆಬೇರೆ ವಿಶ್ವ ಚಾಂಪಿಯನ್‌ಶಿಪ್ ನಡೆಸತೊಡಗಿದರು. ಹೊಸ ಸಂಘಟನೆ ಮುಂದೆ ಪಿಡಿಸಿ ಎಂದು ಹೆಸರು ಬದಲಿಸಿಕೊಂಡಿತು. ಹೀಗಾಗಿ ಸುಮಾರು ಕಾಲು ಶತಮಾನ ಡಾರ್ಟ್ಸ್‌ಗೆ ಒಂದೇ ಹೊತ್ತಿಗೆ ಇಬ್ಬರು ವಿಶ್ವ ಚಾಂಪಿಯನ್ನರು ಇರುತ್ತಿದ್ದರು. ಹಳೆಯ ದಾಖಲೆ ಓದುವಾಗ ಗೊಂದಲವಾಗುವುದು ಇದರಿಂದಲೇ. ಬಿಡಿಒ 2020ರಲ್ಲಿ ಮುಚ್ಚಿಹೋಯಿತು.

ಆಂಡರ್ಸನ್ ಬೆಳೆದದ್ದು ಬಿಡಿಒ ಅಂಗಳದಲ್ಲಿ. ಅಲ್ಲಿ 2007 ಅವರ ವರ್ಷ. ನೆದರ್‌ಲೆಂಡ್ಸ್‌ನಲ್ಲಿ ನಡೆಯುತ್ತಿದ್ದ ಎರಡು ದೊಡ್ಡ ಪಂದ್ಯಾವಳಿಗಳನ್ನು, ಇಂಟರ್‌ನ್ಯಾಷನಲ್ ಡಾರ್ಟ್ಸ್ ಲೀಗ್ ಮತ್ತು ವರ್ಲ್ಡ್ ಡಾರ್ಟ್ಸ್ ಟ್ರೋಫಿಯನ್ನು, ಒಂದೇ ವರ್ಷದಲ್ಲಿ ಗೆದ್ದರು. ಆದರೆ ಬಿಡಿಒ ವಿಶ್ವ ಚಾಂಪಿಯನ್ ಪಟ್ಟ ಮಾತ್ರ ಕೊನೆಗೂ ಕೈಗೆ ಹತ್ತಲಿಲ್ಲ. 2009ರಲ್ಲಿ ಪಿಡಿಸಿಗೆ ಬಂದರು. ವಯಸ್ಸು 38. ಎದುರಿಗೆ ಫಿಲ್ ಟೇಲರ್. ಎರಡೂ ಸಂಸ್ಥೆಗಳದ್ದು ಸೇರಿ 16 ಸಲ ವಿಶ್ವ ಚಾಂಪಿಯನ್ ಆದ ಇಂಗ್ಲೆಂಡ್ ಆಟಗಾರ.

ಎರಡು ವರ್ಷ ಕಳೆಯುವಷ್ಟರಲ್ಲಿ ಆಂಡರ್ಸನ್ ವಿಶ್ವ ಫೈನಲ್‌ನಲ್ಲಿದ್ದರು. 2011ರ ಜನವರಿ 3, ಲಂಡನ್‌ನ ಅಲೆಕ್ಸಾಂಡ್ರಾ ಪ್ಯಾಲೇಸ್. ಎದುರಿಗೆ 25 ವರ್ಷದ ಏಡ್ರಿಯನ್ ಲೂಯಿಸ್. ಮೊದಲ ಸೆಟ್‌ನಲ್ಲೇ ಲೂಯಿಸ್ ಒಂಬತ್ತು ಡಾರ್ಟ್‌ನಲ್ಲಿ 501 ಮುಗಿಸಿಬಿಟ್ಟರು. ವಿಶ್ವ ಫೈನಲ್ ಒಂದರಲ್ಲಿ ಹಾಗೆ ಆದದ್ದು ಅದೇ ಮೊದಲು. ಎದುರಾಳಿ ತಪ್ಪೇ ಮಾಡದೆ ಆಡಿದಾಗ ಪಕ್ಕದಲ್ಲಿ ನಿಂತವನು ಏನು ಮಾಡಬೇಕು? ಡಾರ್ಟ್ಸ್‌ನಲ್ಲಿ ತಡೆಯುವ ಆಟವೇ ಇಲ್ಲ. ಫೀಲ್ಡಿಂಗ್ ಇಲ್ಲ, ಬ್ಲಾಕ್ ಇಲ್ಲ. ಸುಮ್ನೆ ನಿಂತು ನೋಡಬೇಕು. ಆಂಡರ್ಸನ್ ಕೊನೆಯವರೆಗೂ ಹೋರಾಡಿ 7-5ರಲ್ಲಿ ಸೋತರು. ಕೆಲವೇ ತಿಂಗಳಲ್ಲಿ ಪಿಡಿಸಿಯ ಇನ್ನೊಂದು ದೊಡ್ಡ ಪಂದ್ಯಾವಳಿ ಪ್ರೀಮಿಯರ್ ಲೀಗ್‌ನ ಫೈನಲ್‌ನಲ್ಲಿ ಟೇಲರ್ ಅವರನ್ನೇ 10-4 ಲೆಗ್‌ಗಳಿಂದ ಸೋಲಿಸಿ ಆ ಕಪ್ ಎತ್ತಿದರು.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅವರ ತಮ್ಮ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 35. ಅದರ ಹಿಂದೆಯೇ ತಂದೆಯೂ ಹೋದರು. ಮುಂದಿನ ಎರಡು ವರ್ಷ ಆಂಡರ್ಸನ್ ದೊಡ್ಡ ಪಂದ್ಯಾವಳಿಗಳಲ್ಲಿ ಮಂಕಾದರು. ಎಸೆತ ಅದೇ ಇತ್ತು, ಕೈ ಅದೇ ಇತ್ತು. ಆದರೆ ಡಾರ್ಟ್ಸ್ ಒಂಟಿ ಆಟ. ಎರಡು ಎಸೆತಗಳ ನಡುವೆ ಆಟಗಾರನ ಜೊತೆ ಅವನ ತಲೆಯೊಂದೇ ಇರುತ್ತದೆ. ಅಲ್ಲಿ ದುಃಖ ಕೂತಿದ್ದರೆ 8 ಮಿಲಿಮೀಟರ್ ಪಟ್ಟಿ ಇನ್ನೂ ಚಿಕ್ಕದಾಗುತ್ತದೆ.

2014ರ ನವೆಂಬರ್‌ನಲ್ಲಿ ದಾರಿ ತಿರುಗಿತು. ಪ್ಲೇಯರ್ಸ್ ಚಾಂಪಿಯನ್‌ಶಿಪ್ ಫೈನಲ್ಸ್‌ನಲ್ಲಿ ಅದೇ ಏಡ್ರಿಯನ್ ಲೂಯಿಸ್ ಅವರನ್ನು 11-6 ಲೆಗ್‌ಗಳಿಂದ ಸೋಲಿಸಿದರು. ಮುಂದಿನ ತಿಂಗಳೇ ವಿಶ್ವ ಚಾಂಪಿಯನ್‌ಶಿಪ್. ಇದು ಡಿಸೆಂಬರ್‌ನಲ್ಲಿ ಶುರುವಾಗಿ ಜನವರಿಯ ಮೊದಲ ವಾರಕ್ಕೆ ಮುಗಿಯುತ್ತದೆ, ಹೆಸರು ಮಾತ್ರ ಹೊಸ ವರ್ಷದ್ದು. ಸೆಮಿಫೈನಲ್‌ನಲ್ಲಿ ಆಂಡರ್ಸನ್ ಹಾಲಿ ಚಾಂಪಿಯನ್ ಮೈಕಲ್ ವಾನ್ ಗರ್ವೆನ್ ಅವರನ್ನು 6-3ರಿಂದ ಮನೆಗೆ ಕಳಿಸಿದರು. ಫೈನಲ್‌ನಲ್ಲಿ ಫಿಲ್ ಟೇಲರ್.

2015ರ ಜನವರಿ 4ರ ಆ ಪಂದ್ಯ 6-6 ಸೆಟ್‌ವರೆಗೆ ಹೋಯಿತು. ಟೇಲರ್ ಅವರ ಸರಾಸರಿ 100 ದಾಟಿತ್ತು. ಆಂಡರ್ಸನ್ ಅವರದು ಅದಕ್ಕಿಂತ ಕಡಿಮೆ. ಕಾಗದದ ಮೇಲೆ ನೋಡಿದರೆ ಟೇಲರ್ ಜಾಸ್ತಿ ಚೆನ್ನಾಗಿ ಆಡಿದ್ದರು. ಆದರೆ ಮೇಲೆ ಹೇಳಿದ ಹಾಗೆ, ಸೋತ ಲೆಗ್‌ನಲ್ಲಿ ಹೊಡೆದದ್ದೂ ಸರಾಸರಿಗೆ ಸೇರುತ್ತದೆ. ಹದಿಮೂರನೇ ಸೆಟ್ ಆಂಡರ್ಸನ್ ಪಾಲಾಯಿತು. 44ನೇ ವಯಸ್ಸಿನಲ್ಲಿ ಮೊದಲ ವಿಶ್ವ ಕಿರೀಟ, ಜೊತೆಗೆ 2,50,000 ಪೌಂಡ್. ಮೇ ತಿಂಗಳಲ್ಲಿ ಪ್ರೀಮಿಯರ್ ಲೀಗ್ ಫೈನಲ್‌ನಲ್ಲಿ ವಾನ್ ಗರ್ವೆನ್ ಅವರನ್ನು 11-7 ಲೆಗ್‌ಗಳಿಂದ ಸೋಲಿಸಿ ಆ ಕಪ್ಪನ್ನೂ ಎರಡನೇ ಸಲ ತಂದರು.

ಮರು ವರ್ಷ ಕಿರೀಟ ಉಳಿಸಿಕೊಂಡ ರೀತಿಯೇ ನನಗೆ ಅವರ ಆಟದ ತುದಿ. ಸೆಮಿಫೈನಲ್‌ನಲ್ಲಿ ಡಚ್ ಆಟಗಾರ ಯೆಲ್ಲೆ ಕ್ಲಾಸೆನ್ ವಿರುದ್ಧ ನೈನ್ ಡಾರ್ಟರ್ ಹಾಕಿ 6-0ಯಿಂದ ಗೆದ್ದರು. ಒಂದೇ ಒಂದು ಸೆಟ್ ಬಿಡಲಿಲ್ಲ. ಫೈನಲ್‌ನಲ್ಲಿ ಮತ್ತೆ ಏಡ್ರಿಯನ್ ಲೂಯಿಸ್. ಐದು ವರ್ಷದ ಹಿಂದೆ 7-5ರಲ್ಲಿ ಸೋತಿದ್ದ ಅದೇ ಎದುರಾಳಿಯನ್ನು ಈಗ ಅದೇ 7-5ರಲ್ಲಿ ಸೋಲಿಸಿದರು. ಪಿಡಿಸಿಯಲ್ಲಿ ಅಲ್ಲಿಯವರೆಗೆ ಸತತ ಎರಡು ವರ್ಷ ವಿಶ್ವ ಚಾಂಪಿಯನ್ ಆಗಿದ್ದವರು ಟೇಲರ್ ಮತ್ತು ಲೂಯಿಸ್ ಇಬ್ಬರೇ. ಆಂಡರ್ಸನ್ ಮೂರನೆಯವರು.

ಇನ್ನು 2017ರ ಫೈನಲ್. ವಾನ್ ಗರ್ವೆನ್ ವಿರುದ್ಧ. ಆ ರಾತ್ರಿ ಇಬ್ಬರೂ ಸೇರಿ 42 ಸಲ 180 ಹೊಡೆದರು. ಆಂಡರ್ಸನ್ 22, ವಾನ್ ಗರ್ವೆನ್ 20. ಆಂಡರ್ಸನ್ ಸರಾಸರಿ 104ರ ಮೇಲೆ. ಬೇರೆ ಯಾವ ವರ್ಷವಾದರೂ ಇಷ್ಟು ಆಡಿದವರು ಕಪ್ ಎತ್ತುತ್ತಿದ್ದರು. ಆದರೆ ವಾನ್ ಗರ್ವೆನ್ ಸರಾಸರಿ 107ರ ಮೇಲೆ ಇತ್ತು, 7-3ರಲ್ಲಿ ಗೆದ್ದರು. 180 ಅನ್ನುವುದು ಪೂರ್ಣ ಸರದಿಗಳ ಎಣಿಕೆ ಮಾತ್ರ. ಅದರ ನಡುವೆ ಬರುವ 140, 134, 100ರಂಥ ಸರದಿಗಳನ್ನು ಆ ಎಣಿಕೆ ಹೇಳುವುದಿಲ್ಲ. ಡಬಲ್‌ಗೆ ಎಷ್ಟು ಡಾರ್ಟ್ ಖರ್ಚಾಯಿತು ಎಂದೂ ಹೇಳುವುದಿಲ್ಲ. ಸಿಕ್ಸರ್ ಎಣಿಸಿ ಇನಿಂಗ್ಸ್ ಅಳೆಯಲು ಆಗುತ್ತದೆಯೇ? ಹಾಗೆಯೇ ಇದು. ಸೋತರೂ ಆಂಡರ್ಸನ್ ಆಡಿದ ಅತ್ಯುತ್ತಮ ಪಂದ್ಯಗಳಲ್ಲಿ ಇದೂ ಒಂದು ಎಂದೇ ನನ್ನ ಲೆಕ್ಕ.

2018ರಲ್ಲಿ ಯುಕೆ ಓಪನ್ ಗೆದ್ದರು. ಜುಲೈನಲ್ಲಿ ಬ್ಲ್ಯಾಕ್‌ಪೂಲ್‌ನ ವಿಂಟರ್ ಗಾರ್ಡನ್ಸ್‌ನಲ್ಲಿ ವರ್ಲ್ಡ್ ಮ್ಯಾಚ್‌ಪ್ಲೇ ಆಡಿದರು. ಅಲ್ಲಿ ಸೆಟ್ ಇಲ್ಲ, ಬರೀ ಲೆಗ್. ಅದೂ ಗೆಲ್ಲಲು ಎರಡು ಲೆಗ್ ಮುಂದಿರಬೇಕು. ಫೈನಲ್ 18 ಲೆಗ್ ಗೆದ್ದವರದ್ದು ಎಂದು ನಿಯಮ. ಆದರೆ ಆಸ್ಟ್ರಿಯಾದ ಮೆನ್ಸುರ್ ಸುಲ್ಯೊವಿಚ್ ಬಿಟ್ಟುಕೊಡಲೇ ಇಲ್ಲ. 21-19ರವರೆಗೆ ಎಳೆದಾಡಿ ಆಂಡರ್ಸನ್ ಗೆದ್ದರು. ಆ ವರ್ಷದಿಂದ ಆ ಕಪ್‌ಗೆ ಫಿಲ್ ಟೇಲರ್ ಹೆಸರಿಟ್ಟಿದ್ದರು. ತಾನು ಅಷ್ಟು ಸಲ ಎದುರಿಸಿದ ಆಟಗಾರನ ಹೆಸರಿನ ಕಪ್ಪನ್ನು ಮೊದಲು ಎತ್ತಿದವರು ಆಂಡರ್ಸನ್.

ಮೇಲೇರಿದ ಹಾಗೆಯೇ ಮೈ ಕೈಕೊಟ್ಟಿತು. ಡಾರ್ಟ್ಸ್‌ನಲ್ಲಿ ಓಡುವುದಿಲ್ಲ, ಜಿಗಿಯುವುದಿಲ್ಲ, ಹಾಗಾಗಿ ಗಾಯವೇ ಆಗುವುದಿಲ್ಲ ಅನ್ನುವವರಿದ್ದಾರೆ. ಆದರೆ ಗಂಟೆಗಟ್ಟಲೆ ಒಂದೇ ಕಾಲಿನ ಮೇಲೆ ಭಾರ ಹಾಕಿ, ಮುಂದೆ ಬಾಗಿ, ಸಾವಿರಾರು ಸಲ ಅದೇ ಚಲನೆ ಮಾಡಬೇಕು. ಬೋರ್ಡ್‌ನಿಂದ ಡಾರ್ಟ್ ಕಿತ್ತು ತರಲು ನಡೆದದ್ದೇ ನಡೆದದ್ದು. ಬೆನ್ನುನೋವಿನಿಂದ ಆಂಡರ್ಸನ್ 2019ರ ಪ್ರೀಮಿಯರ್ ಲೀಗ್ ಶುರುವಾಗುವ ಹೊತ್ತಿಗೆ ಹಿಂದೆ ಸರಿದರು. ಅವರ ಜಾಗ ತುಂಬಲು ಸಂಘಟಕರು ಒಂಬತ್ತು ಆಟಗಾರರನ್ನು ಕರೆದು ಒಬ್ಬೊಬ್ಬರಿಗೆ ಒಂದೊಂದು ರಾತ್ರಿ ಕೊಟ್ಟರು. ಅದೇ ಜೂನ್‌ನಲ್ಲಿ ಚೇತರಿಸಿಕೊಂಡು ಬಂದವರು ಹ್ಯಾಂಬರ್ಗ್‌ನಲ್ಲಿ ಪೀಟರ್ ರೈಟ್ ಜೊತೆಗೂಡಿ ದೇಶಗಳ ಜೋಡಿಗಳು ಆಡುವ ವಿಶ್ವಕಪ್ಪನ್ನು ಸ್ಕಾಟ್ಲೆಂಡಿಗೆ ಮೊದಲ ಸಲ ತಂದುಕೊಟ್ಟರು. ಹಿಂದಿನ ವರ್ಷ ಇದೇ ಜೋಡಿ ಫೈನಲ್‌ನಲ್ಲಿ ನೆದರ್‌ಲೆಂಡ್ಸ್‌ಗೆ ಸೋತಿತ್ತು.

ಈಗ ಆ ಡಬಲ್ 5. 2021ರ ಜನವರಿ 3. ಕೋವಿಡ್ ಕಾಲ. ಅಲೆಕ್ಸಾಂಡ್ರಾ ಪ್ಯಾಲೇಸ್‌ನಲ್ಲಿ ಪ್ರೇಕ್ಷಕರಿಲ್ಲ. ಸಾವಿರಾರು ಜನ ಹಾಡಿ ಕುಣಿಯುವ ಸಭಾಂಗಣ ಖಾಲಿ. 50ನೇ ವಯಸ್ಸಿನಲ್ಲಿ ಆಂಡರ್ಸನ್‌ಗೆ ಐದನೇ ವಿಶ್ವ ಫೈನಲ್. ಎದುರಿಗೆ ವೇಲ್ಸ್‌ನ ಗೆರ್ವಿನ್ ಪ್ರೈಸ್. ಡಾರ್ಟ್ಸ್‌ಗೆ ಬರುವ ಮುಂಚೆ ಅವರು ವೃತ್ತಿಪರ ರಗ್ಬಿ ಆಡಿದ್ದವರು. ಪ್ರೈಸ್ ತುಂಬಾ ಮುಂದಿದ್ದರು. ಆದರೆ ಗೆಲ್ಲುವ ಡಬಲ್ ಮಾತ್ರ ಬೀಳುತ್ತಲೇ ಇಲ್ಲ. ಒಂದರ ಹಿಂದೆ ಒಂದು ಡಾರ್ಟ್ ತಂತಿಯ ಆಚೆ ಈಚೆ. ಇಡೀ ರಾತ್ರಿ ಗಟ್ಟಿಯಾಗಿದ್ದ ಕೈ ಕಿರೀಟದ ಎದುರು ಅಲುಗಿತು. ಕೊನೆಗೆ ಯಾರೂ ಬೇಕೆಂದು ಉಳಿಸಿಕೊಳ್ಳದ ಡಬಲ್ 5ರಲ್ಲಿ ಮುಗಿಸಿ 7-3ರಲ್ಲಿ ಗೆದ್ದರು. ಎಲ್ಲಾ ಬಿಟ್ಟು ಅಲ್ಲಿಗೆ ಇಳಿಯಬೇಕಾಗಿ ಬಂದದ್ದನ್ನು ನೋಡಿದರೆ ಡಬಲ್ ಎಂಥ ಗೋಡೆ ಅನ್ನುವುದು ಗೊತ್ತಾಗುತ್ತದೆ. ಆಂಡರ್ಸನ್ ಆ ಅವಕಾಶಗಳನ್ನು ಪೂರ್ತಿ ಬಳಸಿಕೊಳ್ಳುವಷ್ಟು ಹತ್ತಿರ ಇರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಅವರು ರ‍್ಯಾಂಕಿಂಗ್‌ನಲ್ಲಿ ಕೆಳಗೆ ಇಳಿದರು. ಇದನ್ನು ಬಿಡಿಸಿ ಹೇಳಬೇಕು. ಪಿಡಿಸಿಯ ರ‍್ಯಾಂಕಿಂಗ್‌ಗೆ ಅಂಕಗಳಿಲ್ಲ. ಹಿಂದಿನ ಎರಡು ವರ್ಷಗಳಲ್ಲಿ ರ‍್ಯಾಂಕಿಂಗ್ ಪಂದ್ಯಾವಳಿಗಳಲ್ಲಿ ಗೆದ್ದ ಬಹುಮಾನದ ಹಣವೇ ಅಂಕ. ಎರಡು ವರ್ಷ ತುಂಬಿದ ಹಣ ತಾನಾಗಿ ಲೆಕ್ಕದಿಂದ ಉದುರುತ್ತದೆ. 2021ರಲ್ಲಿ ರನ್ನರ್ ಅಪ್ ಆಗಿ ಗಳಿಸಿದ 2,00,000 ಪೌಂಡ್ 2023ರ ಆರಂಭಕ್ಕೆ ಹೋಯಿತು. ಅಷ್ಟೇ ಗಳಿಕೆ ಅದೇ ಪಂದ್ಯಾವಳಿಯಲ್ಲಿ ಮತ್ತೆ ಆಗಲಿಲ್ಲ. ಜೊತೆಗೆ ಆಂಡರ್ಸನ್ ಮನೆ, ಮಕ್ಕಳನ್ನು ಬಿಟ್ಟು ಊರೂರು ತಿರುಗಲು ಅಷ್ಟು ಇಷ್ಟಪಡುವವರಲ್ಲ. ಕಡಿಮೆ ಪಂದ್ಯಾವಳಿ ಆಡಿದರೆ ಹಣ ಕಡಿಮೆ, ಹಣ ಕಡಿಮೆಯಾದರೆ ರ‍್ಯಾಂಕಿಂಗ್ ಕಡಿಮೆ. ಆಟ ಕೆಟ್ಟಿದೆ ಎಂದು ಅದರ ಅರ್ಥವಲ್ಲ.

2025ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ತಮ್ಮ ಮೊದಲ ಪಂದ್ಯದಲ್ಲೇ ಜೆಫ್ರಿ ಡಿ ಗ್ರಾಫ್‌ಗೆ 3-0ಯಿಂದ ಸೋತಾಗ, ಇನ್ನು ಸಾಕು ಅನ್ನುತ್ತಾರೇನೋ ಎಂದು ನನ್ನಂಥವರಿಗೆ ಅನಿಸಿತ್ತು. ಮುಂದಿನ ಸಲವೂ ಬಂದರು. 55 ತುಂಬಿದ್ದು ಆ ಪಂದ್ಯಾವಳಿಯ ನಡುವೆಯೇ. ಒಂದೊಂದೇ ಸುತ್ತು ದಾಟಿ ಸೆಮಿಫೈನಲ್ ಮುಟ್ಟಿದರು. ಅಲ್ಲಿ ಎದುರಾದದ್ದು ಡಚ್ ಹುಡುಗ ಜಿಯಾನ್ ವಾನ್ ವೀನ್. ಅವನಿಗೆ 23 ವರ್ಷ. ಆಂಡರ್ಸನ್ ಪಬ್‌ನಲ್ಲಿ ಮೊದಲ ಡಾರ್ಟ್ ಎಸೆದಾಗ ಅವನು ಹುಟ್ಟಿರಲೇ ಇಲ್ಲ. ವಾನ್ ವೀನ್ 6-3ರಿಂದ ಗೆದ್ದ.

ಆ ಸಲ ಸೆಮಿಫೈನಲ್‌ನಲ್ಲಿ ಸೋತವರಿಗೂ 2,00,000 ಪೌಂಡ್. ಐದು ವರ್ಷದ ಹಿಂದೆ ರನ್ನರ್ ಅಪ್‌ಗೆ ಸಿಕ್ಕಷ್ಟೇ. ಈ ಹಣ ಆಂಡರ್ಸನ್ ಲೆಕ್ಕದಲ್ಲಿ 2028ರ ಆರಂಭದವರೆಗೂ ನಿಲ್ಲುತ್ತದೆ. ಆಗ ಅವರಿಗೆ 57.